ಕ್ಯಾಪ್ಟನ್ನರ ಕಾರಿಗೆ ಮೈಸೂರು ಗೇರ್

ಕೆಲವರಿಗೆ ಕುಡಿತ, ಕೆಲವರಿಗೆ ಇಸ್ಪೀಟು. ನನಗಿದ್ದದ್ದು ‘ಗೊತ್ತು’ ಅನ್ನುವ ಚಟ. ಯಾರು ಏನು ಕೇಳಲಿ, ನನ್ನ ಬಾಯಿ ತಾನಾಗಿ ‘ಗೊತ್ತು ಸಾರ್’ ಅಂದುಬಿಡುತ್ತಿತ್ತು. ಆಮೇಲೆ ಒದ್ದಾಡುವುದು ಕೈ. ಹಾಗಾಗಿ ನನ್ನ ಕಸುಬಿನಲ್ಲಿ ಮಾನ ಹೋಗುವ ಪ್ರಸಂಗಗಳಿಗೆ ಯಾವತ್ತೂ ಕೊರತೆಯಾಗಲಿಲ್ಲ. ಒಂದು ಮುಗಿಯಿತು ಅಂತ ಕೈ ತೊಳೆದುಕೊಳ್ಳುವಷ್ಟರಲ್ಲಿ ಇನ್ನೊಂದು ಬಂದು ಶೆಡ್ಡಿನ ಬಾಗಿಲಲ್ಲಿ ಹಾರನ್ ಹೊಡೆಯುತ್ತಿತ್ತು. ಅವುಗಳಲ್ಲಿ ಒಂದೇ ಒಂದು ಕಾರಿನಿಂದ ಆದವನ್ನು ಮಾತ್ರ ಇಲ್ಲಿ ಹೇಳುತ್ತೇನೆ. ಈಗ ನೆನೆಸಿಕೊಂಡರೂ ಕಿವಿ ಬಿಸಿಯಾಗುತ್ತದೆ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ನನ್ನ ಶೆಡ್ಡು ಪೊನ್ನಂಪೇಟೆಯಲ್ಲಿ. ನಾನು ಭಾಗಮಂಡಲದ ಕಡೆಯ ಗೌಡ, ಮನೆಯಲ್ಲಿ ಮಾತಾಡುವುದು ಅರೆಭಾಷೆ. ಶೆಡ್ಡಿನಲ್ಲಿ ಮಾತ್ರ ಕನ್ನಡ, ಕೊಡವ, ಮಲಯಾಳ, ತಮಿಳು ಎಲ್ಲವೂ ನಡೆಯುತ್ತಿತ್ತು. ಗಿರಾಕಿ ಯಾವ ಭಾಷೆಯಲ್ಲಿ ಬೈದರೂ ಅರ್ಥವಾಗುವಷ್ಟು ಕಲಿತಿದ್ದೆ. ಜೀಪು, ಗೊಬ್ಬರದ ಲಾರಿ, ಕಾಫಿಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರಿನ ಮೋಟಾರು, ಇವೇ ನನ್ನ ಕೆಲಸ. ಅಂಥ ಶೆಡ್ಡಿಗೆ ಒಂದು ಬೆಳಿಗ್ಗೆ ಕ್ಯಾಪ್ಟನ್ನರ ಕಾರು ಬಂತು.

೧. ಸದ್ದಿಲ್ಲದ ಲಾರಿ

ಕ್ಯಾಪ್ಟನ್ನರು ಸೈನ್ಯ ಬಿಟ್ಟು ಬಂದು ತೋಟ ನೋಡಿಕೊಳ್ಳುತ್ತಿದ್ದವರು. ನಲವತ್ತರ ಹತ್ತಿರ, ಮದುವೆಯಾಗಿರಲಿಲ್ಲ. ಅವರದು ಇಂಗ್ಲೆಂಡಿನಿಂದ ಬಂದ ಹಳೇ ರೇಸಿನ ಜಾತಿಯ ಕಾರು. ಎರಡೇ ಸೀಟು, ತಲೆಯ ಮೇಲೆ ಮಡಚುವ ಕ್ಯಾನ್ವಾಸು, ಕೂತರೆ ರಸ್ತೆಯ ಮೇಲೇ ಕೂತ ಹಾಗೆ. ಅದರ ಬಾನೆಟ್ ಎತ್ತುವುದಕ್ಕೂ ನನಗೆ ಬರುತ್ತಿರಲಿಲ್ಲ. ಪಕ್ಕದಿಂದ ತೆಗೆಯಬೇಕಿತ್ತು, ನಾನು ಮುಂದಿನಿಂದ ಎಳೆಯುತ್ತಿದ್ದೆ.

“ನಲವತ್ತು ಮೈಲಿ ವೇಗ ದಾಟಿದರೆ ಎಂಜಿನ್ ಕಿರುಚುತ್ತೆ,” ಅಂದರು. “ಇದರ ಗೇರಿಂಗ್ ನಮ್ಮ ಗುಡ್ಡಕ್ಕೆ ಸರಿ. ಹುಣಸೂರು ದಾಟಿದ ಮೇಲೆ ಮೈಸೂರಿನವರೆಗೆ ನೇರ ರಸ್ತೆ ಇದೆಯಲ್ಲ, ಅದಕ್ಕಲ್ಲ. ಇಂಗ್ಲೆಂಡಿನಲ್ಲಿ ಇದಕ್ಕೆ ಓವರ್‌ಡ್ರೈವ್ ಅಂತ ಒಂದು ಹಾಕ್ತಾರೆ, ಎಂಜಿನ್ ಸುತ್ತು ಕಡಿಮೆ ಮಾಡೋದಕ್ಕೆ. ಗೊತ್ತಾ ನಿನಗೆ?”

“ಗೊತ್ತು ಸಾರ್. ಮೊನ್ನೆ ತಾನೆ ಒಂದಕ್ಕೆ ಹಾಕಿದೆ.”

“ಹೌದಾ? ಯಾವ ಕಾರಿಗೆ?”

“ಕಾರಲ್ಲ ಸಾರ್, ಲಾರಿಗೆ.”

“ಯಾವ ಲಾರಿ?”

ಅಷ್ಟು ದೂರ ಯೋಚನೆ ಮಾಡಿರಲಿಲ್ಲ. ಶೆಡ್ಡಿನ ಆಚೆ ಒಂದೇ ಲಾರಿ ಕಾಣುತ್ತಿತ್ತು, ಅದನ್ನೇ ತೋರಿಸಿದೆ. ಆರು ತಿಂಗಳಿಂದ ಮರದ ದಿಮ್ಮಿಗಳ ಮೇಲೆ ಕೂತಿದ್ದ ಲಾರಿ ಅದು. ನಾಲ್ಕು ಚಕ್ರವೂ ಇರಲಿಲ್ಲ. ಡ್ರೈವರ್ ಸೀಟಿನಲ್ಲಿ ಕೋಳಿ ಕಾವಿಗೆ ಕೂತಿತ್ತು.

ಕ್ಯಾಪ್ಟನ್ನರು ಅದನ್ನು ಸ್ವಲ್ಪ ಹೊತ್ತು ನೋಡಿದರು. “ಓವರ್‌ಡ್ರೈವ್ ಹಾಕಿದ ಮೇಲೆ ಹೇಗಿದೆ?”

“ಈಗ ಒಂಚೂರೂ ಸದ್ದಿಲ್ಲ ಸಾರ್,” ಅಂದೆ.

೨. ಹೂಂ ಅಂದದ್ದೆಲ್ಲ

ಅಷ್ಟಾದ ಮೇಲೂ ಕಾರನ್ನು ನನ್ನ ಹತ್ತಿರವೇ ಬಿಟ್ಟರು. ಸುತ್ತಮುತ್ತ ಬೇರೆ ಮೆಕ್ಯಾನಿಕ್ ಇರಲಿಲ್ಲ, ಅದೊಂದೇ ಕಾರಣ. ಆದರೆ ಬಿಡುವಾಗ ಅವರು ಇನ್ನೊಂದು ವಿಷಯ ಹೇಳಿದರು.

ಮೈಸೂರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಒಬ್ಬರು ಟೀಚರ್ ಇದ್ದರು. ನಮ್ಮ ಬಾಳೆಲೆ ಅನ್ನುವ ಊರಿನ ಕಡೆಯವರು, ಸುಬೇದಾರರಾಗಿ ರಿಟೈರ್ ಆದವರೊಬ್ಬರ ಮಗಳು. ಯಾವುದೋ ಮದುವೆಯಲ್ಲಿ ಪರಿಚಯವಾಗಿತ್ತಂತೆ. ಹದಿನೈದು ದಿನಕ್ಕೊಮ್ಮೆ ಕ್ಯಾಪ್ಟನ್ನರು ಮೈಸೂರಿಗೆ ಹೋಗುತ್ತಿದ್ದರು. ಟೀಚರಮ್ಮ ಇದ್ದದ್ದು ಚಿಕ್ಕಮ್ಮನ ಮನೆಯಲ್ಲಿ. ಆ ಚಿಕ್ಕಮ್ಮ ಅರ್ಧ ಗಂಟೆ ಕಾರಿನಲ್ಲಿ ತಿರುಗಾಡಿ ಬರಲು ಒಪ್ಪಿಗೆ ಕೊಟ್ಟು, ಗೇಟಿನ ಹತ್ತಿರ ಕುರ್ಚಿ ಹಾಕಿಕೊಂಡು ಕಾಯುತ್ತಿದ್ದರು.

“ಒಂದು ಮಾತು ಕೇಳಬೇಕು ಅಂತ ಮೂರು ತಿಂಗಳಿಂದ ಹೋಗ್ತಾ ಇದ್ದೇನೆ,” ಅಂದರು ಕ್ಯಾಪ್ಟನ್ನರು, ಕಾರಿಗೆ ಒರಗಿಕೊಂಡು, ನನ್ನ ಮುಖ ನೋಡದೆ. “ನಾನು ಕೇಳಿದರೆ ಅವಳಿಗೆ ಕೇಳಿಸಲ್ಲ. ಅವಳು ಹೇಳಿದ್ದು ನನಗೆ ಕೇಳಿಸಲ್ಲ. ಅಷ್ಟು ಸದ್ದು. ಮರ್ಯಾದೆಗೆ ಎಲ್ಲದಕ್ಕೂ ಹೂಂ ಅಂತೀನಿ.”

“ಕಾರು ನಿಲ್ಲಿಸಿ ಕೇಳಬಹುದಲ್ಲ ಸಾರ್?”

“ನಿಲ್ಲಿಸಿದರೆ ಧೈರ್ಯ ಬರಲ್ಲ.”

ಬರ್ಮಾದಲ್ಲಿ ಯುದ್ಧ ಮಾಡಿ ಬಂದ ಮನುಷ್ಯ. ನನಗೆ ನಗು ಬರಬೇಕಿತ್ತು, ಬರಲಿಲ್ಲ. ಅವರ ಕಿವಿಯೇ ಕೆಂಪಾಗಿತ್ತು.

“ಅವಳ ಅಪ್ಪ ಈ ಕಾಫಿ ಕೊಯ್ಲು ಮುಗಿದ ಮೇಲೆ ಬೇರೆ ಕಡೆ ಸಂಬಂಧ ನೋಡ್ತಾರಂತೆ. ಕಾರು ಸ್ವಲ್ಪ ಸದ್ದು ಕಡಿಮೆ ಮಾಡಿದರೆ ನಾನು ಕೇಳೇ ಬಿಡ್ತೀನಿ. ನಿನ್ನ ಕೈಯಲ್ಲಿದೆ.”

ಇನ್ನೊಬ್ಬರ ಮದುವೆ ನನ್ನ ಕೈಯಲ್ಲಿ. ಆ ಕೈ ನೋಡಿಕೊಂಡೆ, ಗ್ರೀಸು ಬಿಟ್ಟರೆ ಅದರಲ್ಲಿ ಏನೂ ಕಾಣಲಿಲ್ಲ. ಆದರೂ ಬಾಯಿ ಸುಮ್ಮನಿರಬೇಕಲ್ಲ. “ಯೋಚನೆ ಮಾಡಬೇಡಿ ಸಾರ್, ನನಗೆ ಗೊತ್ತು,” ಅಂದೆ.

ಅವರು ಅದುವರೆಗೆ ಯಾವುದಕ್ಕೆಲ್ಲ ಹೂಂ ಅಂದಿದ್ದರು ಅನ್ನುವುದು ಆ ವಾರ ಟೀಚರಮ್ಮನ ಕಾಗದ ಬಂದಾಗ ತಿಳಿಯಿತು. ಚುರುಟು ಬಿಡುವುದಕ್ಕೆ, ಬೇಟೆನಾಯಿಯನ್ನು ಮನೆಯಿಂದ ಆಚೆ ಕಟ್ಟುವುದಕ್ಕೆ, ಶಾಲೆಯ ವಾರ್ಷಿಕೋತ್ಸವದಲ್ಲಿ ಒಂದು ಹಾಡು ಹೇಳುವುದಕ್ಕೆ. ಚುರುಟಿನ ಡಬ್ಬಿ ನನಗೆ ಸಿಕ್ಕಿತು. ನಾಯಿ ತೋಟದ ರೈಟರ್ ಮನೆಗೆ ಹೋಯಿತು. ಕ್ಯಾಪ್ಟನ್ನರು ಹಾಡು ಕಲಿಯಲು ಶುರು ಮಾಡಿದ ಮೂರನೇ ದಿನ ಆ ನಾಯಿ ರೈಟರ್ ಮನೆಯಿಂದಲೂ ದೂರ ಓಡಿತು.

೩. ಮುಚ್ಚಿಟ್ಟ ಪುಸ್ತಕ

ಕ್ಯಾಪ್ಟನ್ನರು ಕಾರಿನ ಜೊತೆಗೆ ಒಂದು ದಪ್ಪ ಇಂಗ್ಲಿಷ್ ಪುಸ್ತಕ ಕೊಟ್ಟಿದ್ದರು. “ಓದ್ತೀಯಲ್ಲ?” ಅಂದಿದ್ದರು. ನಾನು ಏನು ಹೇಳಿದೆ ಅಂತ ಮತ್ತೆ ಬರೆಯಬೇಕಾಗಿಲ್ಲ. ಓದಿದ್ದು ನಾಲ್ಕನೇ ಕ್ಲಾಸು, ಅದೂ ಕನ್ನಡದಲ್ಲಿ.

ಪುಸ್ತಕ ಕಂಕುಳಲ್ಲಿಟ್ಟುಕೊಂಡು ರೈಟರ್ ಹತ್ತಿರ ಹೋದೆ. ಕ್ಯಾಪ್ಟನ್ನರ ತೋಟದಲ್ಲಿ ಆಳುಗಳ ಹಾಜರಿ ಬರೆಯುವವರು ಅವರು, ಶನಿವಾರಸಂತೆಯ ಕಡೆಯವರು, ಹಣೆಯ ಮೇಲೆ ಮೂರು ಪಟ್ಟೆ ವಿಭೂತಿ. ಹಾಜರಿ ಕೂಗುವ ಸ್ವರದಲ್ಲೇ ಪುಸ್ತಕ ಓದಿ ಅರ್ಥ ಹೇಳಿದರು. “ಕಾರು ನೇರ ರಸ್ತೆಯಲ್ಲಿ ಆರಾಮಾಗಿ ಓಡಬೇಕಂದ್ರೆ ಗೇರಿನ ಅನುಪಾತ ಬದಲಾಯಿಸ್ಬೇಕು. ಮೊದಲು ಚಿಕ್ಕ ಚಕ್ರದ ಹಲ್ಲು ಎಣಿಸ್ಬೇಕು, ಆಮೇಲೆ ದೊಡ್ಡ ಚಕ್ರದ್ದು...”

“ಗೊತ್ತು ಬಿಡಿ, ಸಾಕು,” ಅಂದು ಎದ್ದು ಬಂದೆ.

ಗೇರು ಅಂದ ಮೇಲೆ ಗೇರ್‌ಬಾಕ್ಸ್ ತಾನೆ. ಸೀಟು ತೆಗೆದೆ, ನೆಲದ ಹಲಗೆ ತೆಗೆದೆ, ಗೇರ್‌ಬಾಕ್ಸ್ ಇಳಿಸಿ ಎದೆಯ ಮೇಲೆ ಹಾಕಿಕೊಂಡು ಅದರ ಕೆಳಗೇ ಅರ್ಧ ಗಂಟೆ ಮಲಗಿದ್ದೆ, ಯಾರಾದರೂ ಬಂದು ಎತ್ತುವವರೆಗೆ. ಒಳಗಿದ್ದ ಒಂದೊಂದು ಚಕ್ರದ ಹಲ್ಲನ್ನೂ ಎಣಿಸಿ ಶೆಡ್ಡಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದೆ. ಗೋಡೆ ತುಂಬಿತು. ಯಾವುದನ್ನು ಯಾವುದರಿಂದ ಭಾಗಿಸಬೇಕು ಅಂತ ತಿಳಿಯಲಿಲ್ಲ. ಹೀಗೆ ಐದು ದಿನ.

ಆರನೇ ದಿನ ರೈಟರ್ ಬಂದರು. ಗೋಡೆ ನೋಡಿದರು, ನೆಲದ ಮೇಲೆ ಹರಡಿದ್ದ ಗೇರ್‌ಬಾಕ್ಸ್ ನೋಡಿದರು. ಪುಸ್ತಕ ತೆಗೆದು ಮುಂದಿನ ಪುಟ ತಿರುಗಿಸಿ ಓದಿದರು. “ಇದು ಹಿಂದಿನ ಆಕ್ಸಲಿನ ಒಳಗಿನ ಚಕ್ರಗಳ ವಿಚಾರ. ಗೇರ್‌ಬಾಕ್ಸ್ ಮುಟ್ಟೋ ಅಗತ್ಯವೇ ಇಲ್ಲ.”

“ಇದನ್ನು ಅವತ್ತೇ ಯಾಕೆ ಹೇಳಲಿಲ್ಲ?”

“ನೀನೇ ‘ಗೊತ್ತು ಬಿಡಿ, ಸಾಕು’ ಅಂದ್ಯಲ್ಲಪ್ಪ. ಗೊತ್ತಿರೋನಿಗೆ ಯಾಕೆ ಓದೋದು ಅಂತ ಪುಸ್ತಕ ಮುಚ್ಚಿಟ್ಟೆ.”

೪. ಹತ್ತಿರ ಬಂದ ಮೈಸೂರು

ವಿಷಯ ಇಷ್ಟೇ. ಹಿಂದಿನ ಆಕ್ಸಲಿನ ಒಳಗೆ ಎರಡು ಹಲ್ಲಿನ ಚಕ್ರ. ಚಿಕ್ಕದಕ್ಕೆ ಎಂಟು ಹಲ್ಲು, ದೊಡ್ಡದಕ್ಕೆ ನಲವತ್ತೊಂದು. ಅಂದರೆ ಮೇಲಿನ ಗೇರಿನಲ್ಲಿ ಕಾರಿನ ಚಕ್ರ ಒಂದು ಸುತ್ತು ಬರಬೇಕಾದರೆ ಎಂಜಿನ್ ಐದು ಸುತ್ತು ಹಾಕಬೇಕು. ಅದನ್ನು ನಾಲ್ಕಕ್ಕೆ ಇಳಿಸಿದರೆ ಅದೇ ವೇಗದಲ್ಲಿ ಎಂಜಿನ್ನಿಗೆ ಅಷ್ಟು ಆರಾಮ. ಮೈಸೂರಿನ ಗುಜರಿಯೊಂದರಲ್ಲಿ ಅದೇ ಕಂಪನಿಯ ದೊಡ್ಡ ಕಾರಿನ ಜೋಡಿ ಸಿಕ್ಕಿತು, ಚಿಕ್ಕದಕ್ಕೆ ಹನ್ನೊಂದು, ದೊಡ್ಡದಕ್ಕೆ ನಲವತ್ತಮೂರು. ಹಳೆಯ ಜೋಡಿ ಗುಜರಿಯವನಿಗೆ ಕೊಟ್ಟು ಇದನ್ನು ತಂದೆ. ಅದಕ್ಕೆ ‘ಮೈಸೂರು ಗೇರ್’ ಅಂತ ನಾನೇ ಹೆಸರಿಟ್ಟೆ. ಒಂದು ವಾರ ಒದ್ದಾಡಿ ಅದನ್ನೂ ಬಿಚ್ಚಿಟ್ಟ ಗೇರ್‌ಬಾಕ್ಸನ್ನೂ ಕೂರಿಸಿದೆ. ಕ್ಯಾಪ್ಟನ್ನರು ಶೆಡ್ಡಿನಿಂದ ನೇರ ಮೈಸೂರಿಗೆ ಹೋದರು.

ಮಾರನೆಯ ದಿನ ವಾಪಸು ಬಂದವರು ಕಾರಿನಿಂದ ಇಳಿದು ನನ್ನ ಗ್ರೀಸಿನ ಕೈಯನ್ನೇ ಹಿಡಿದು ಕುಲುಕಿದರು. “ಕೇಳಿದೆ,” ಅಂದರು. “ಅವಳಿಗೆ ಕೇಳಿಸ್ತು. ಅಪ್ಪನ ಹತ್ತಿರ ಬಂದು ಮಾತಾಡಿ ಅಂದಳು. ಅದು ನನಗೂ ಕೇಳಿಸ್ತು.”

ನನ್ನ ಕಣ್ಣಲ್ಲಿ ನೀರು ಬಂತು. ಅಲ್ಲಿಗೇ ನಿಲ್ಲಿಸಿದ್ದರೆ ನನ್ನ ಜೀವನದಲ್ಲಿ ಒಂದಾದರೂ ಒಳ್ಳೆಯ ದಿನ ಉಳಿಯುತ್ತಿತ್ತು. ಆದರೆ ಅವರು ಇನ್ನೊಂದು ಕೇಳಿದರು. “ಒಂದು ವಿಚಿತ್ರ. ಮೊದಲು ಮೈಸೂರಿಗೆ ಹೋದರೆ ಮೀಟರು ಅರವತ್ತು ಮೈಲಿಯ ಹತ್ತಿರ ತೋರಿಸ್ತಿತ್ತು. ನಿನ್ನೆ ಬರೀ ನಲವತ್ತೈದು ತೋರಿಸ್ತು. ಯಾಕೆ?”

ಮೀಟರು ಎಣಿಸುವುದು ಗೇರ್‌ಬಾಕ್ಸಿನ ಸುತ್ತುಗಳನ್ನು, ರಸ್ತೆಯನ್ನಲ್ಲ. ಸುತ್ತು ಕಡಿಮೆಯಾದರೆ ಮೈಲಿಯೂ ಕಡಿಮೆ ತೋರಿಸುತ್ತದೆ. ಇದು ನನಗೆ ಗೊತ್ತಾದದ್ದು ಎಷ್ಟೋ ದಿನದ ಮೇಲೆ. ಆ ಹೊತ್ತಿಗೆ ಬಾಯಿಗೆ ಬಂದದ್ದು ಹೇಳಿದೆ. “ಗೊತ್ತು ಸಾರ್. ನಾವು ಮೈಸೂರು ರಾಜ್ಯಕ್ಕೆ ಸೇರಿದೆವಲ್ಲ, ರಸ್ತೆಯ ತಿರುವೆಲ್ಲ ತೆಗೆದು ನೇರ ಮಾಡ್ತಾ ಇದ್ದಾರೆ.”

ಪಾಪ, ನಂಬಿದರು. ಆ ಶನಿವಾರ ಕ್ಲಬ್ಬಿನಲ್ಲಿ ಎಲ್ಲರಿಗೂ ಹೇಳಿದರು. ರಾಜ್ಯ ಸೇರಿದ್ದೇ ತಪ್ಪು ಅಂತ ದಿನಾ ಬೈಯುತ್ತಿದ್ದ ಒಬ್ಬರು ಮುದುಕ ಪ್ಲಾಂಟರು ಎದ್ದು ನಿಂತು, “ಹದಿನೈದು ಮೈಲಿ ಉಳಿಸಿದ್ದಾರೆ ಅಂದ ಮೇಲೆ ನಾನು ಇನ್ನು ಬೈಯಲ್ಲ,” ಅಂದರಂತೆ. ಅಲ್ಲೇ ಮೂಲೆಯಲ್ಲಿ ರಸ್ತೆಯ ಇಂಜಿನಿಯರು ಕೂತಿದ್ದರು. “ಸ್ವಾಮಿ, ನಾವಿನ್ನೂ ಆ ರಸ್ತೆಯ ಅಳತೆಯ ಟೇಪನ್ನೇ ಬಿಚ್ಚಿಲ್ಲ,” ಅಂದರಂತೆ. ಮುದುಕ ಪ್ಲಾಂಟರು ಕೂತು, ಬಿಟ್ಟಲ್ಲಿಂದ ಮತ್ತೆ ಬೈಯಲು ಶುರು ಮಾಡಿದರು.

೫. ಬೆನ್ನು ಹಾಕಿ ಬಂದ ಸಾಹೇಬರು

ಕ್ಲಬ್ಬಿನ ಮಾತು ಆಮೇಲಿನದು. ಕೈ ಕುಲುಕಿದ ದಿನವೇ ಸಂಜೆ ಕ್ಯಾಪ್ಟನ್ನರು, “ಬಾ, ಬಂಗಲೆಗೆ ಹೋಗಿ ಕಾಫಿ ಕುಡಿಯೋಣ,” ಅಂತ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟರು. ಅವರ ಬಂಗಲೆ ತೋಟದ ತುದಿಯಲ್ಲಿ, ಕಡಿದಾದ ಏರಿನ ಮೇಲೆ.

ಏರಿನ ಅರ್ಧಕ್ಕೆ ಎಂಜಿನ್ ಉಸಿರುಗಟ್ಟಿದ ಹಾಗೆ ಮಾಡಿ ನಿಂತಿತು. ಮೊದಲನೇ ಗೇರಿನಲ್ಲೇ ಇದ್ದೆವು, ಅದಕ್ಕಿಂತ ಕೆಳಗಿನ ಗೇರು ಇಲ್ಲ. ಮತ್ತೆ ಸ್ಟಾರ್ಟ್ ಮಾಡಿದರು, ಮತ್ತೆ ನಿಂತಿತು. ಆಗ ನನ್ನ ತಲೆಗೆ ಹೊಳೆಯಿತು, ನೇರ ರಸ್ತೆಗೆ ಆರಾಮ ಕೊಟ್ಟವನು ಗುಡ್ಡದಲ್ಲಿ ಬಲ ಕಿತ್ತುಕೊಂಡಿದ್ದೆ. ಇದ್ದದ್ದು ಕೊಡಗಿನಲ್ಲಿ, ಗೇರು ಹಾಕಿದ್ದು ಮೈಸೂರಿಗೆ.

ಪಿಕ್ಕಿಂಗ್ ಮುಗಿಸಿ ಲೈನಿಗೆ, ಅಂದರೆ ಆಳುಗಳ ಸಾಲುಮನೆಗೆ, ಹೊರಟಿದ್ದ ಹೆಂಗಸರೆಲ್ಲ ಕಾಫಿಹಣ್ಣಿನ ಚೀಲ ಕೆಳಗಿಟ್ಟು ಸಾಲಾಗಿ ನಿಂತು ನೋಡಿದರು. ಆಮೇಲೆ ಪಾಪ ಅನ್ನಿಸಿ ತಳ್ಳಲು ಬಂದರು. ತಳ್ಳಿದಷ್ಟೇ ಹಿಂದಕ್ಕೆ ಬರುತ್ತಿತ್ತು. ನಾನು ಸ್ಟೇರಿಂಗ್ ನೋಡುತ್ತಾ ಕೂತಿದ್ದೆ, ಯಾರ ಮುಖ ನೋಡಲೂ ಆಗಲಿಲ್ಲ.

ಅಷ್ಟರಲ್ಲಿ ಗೊಬ್ಬರದ ಲಾರಿಯ ಡ್ರೈವರ್, ಮಲಬಾರಿನ ಕಾಕ, ಮೇಲಿನಿಂದ ಇಳಿದು ಬಂದ. ಎರಡು ನಿಮಿಷ ನೋಡಿ, “ರಿವರ್ಸಲ್ಲಿ ಹತ್ತಿಸು ಚೇಟ್ಟಾ,” ಅಂದ. “ಈ ಜಾತಿ ವಂಡಿಗೆ ರಿವರ್ಸ್ ಗೇರಲ್ಲಿ ಶಕ್ತಿ ಜಾಸ್ತಿ.”

“ಗೊತ್ತು. ಅದನ್ನೇ ಹೇಳೋಣ ಅಂತಿದ್ದೆ,” ಅಂದೆ.

ಕಾರು ತಿರುಗಿಸಿ ಹಿಂದುಮುಂದಾಗಿ ಬಿಟ್ಟರೆ, ಹತ್ತಿತು. ಅವತ್ತಿನಿಂದ ಕ್ಯಾಪ್ಟನ್ನರು ದಿನಾ ಕತ್ತು ತಿರುಗಿಸಿಕೊಂಡೇ ಮನೆಗೆ ಬರುವ ಹಾಗಾಯಿತು. ಕತ್ತಿಗೆ ಎಣ್ಣೆ ತಿಕ್ಕಿಸಿಕೊಳ್ಳುತ್ತಿದ್ದರು. ಆದರೆ ಅವರನ್ನು ಕಂಗೆಡಿಸಿದ್ದು ಕತ್ತುನೋವಲ್ಲ, ಬಂಗಲೆಯ ವಾಚ್‌ಮನ್. ಕಾರಿನ ಮುಖ ಆಚೆಗೆ ಕಂಡ ಕೂಡಲೆ ಸಾಹೇಬರು ಹೊರಟರು ಅಂತ ತಿಳಿದು ಸೆಲ್ಯೂಟ್ ಹೊಡೆದು, ಸ್ನಾನದ ಹಂಡೆಯ ಒಲೆ ಆರಿಸಿ, ಬಾಗಿಲಿಗೆ ಬೀಗ ಹಾಕಿ, ಕೀ ಸೊಂಟಕ್ಕೆ ಸಿಕ್ಕಿಸಿಕೊಂಡು ಲೈನಿಗೆ ಹೋಗಿಬಿಡುತ್ತಿದ್ದ.

೬. ಬಾಳೆಲೆಯ ಅಂಗಳ

ಹಳೆಯ ಜೋಡಿಯನ್ನೇ ವಾಪಸು ಹಾಕೋಣ ಅಂತ ಮೈಸೂರಿಗೆ ಓಡಿದೆ. ಗುಜರಿಯವನು ಅದನ್ನು ಹಾಸನದ ಕಡೆಯ ಯಾರಿಗೋ ಕೊಟ್ಟಾಗಿತ್ತು. ಇತ್ತ ಸುಬೇದಾರರ ಮನೆಗೆ ಹೋಗಿ ಹೆಣ್ಣು ಕೇಳುವ ದಿನ ನಿಶ್ಚಯವಾಯಿತು.

ಕೊಡವರಲ್ಲಿ ಮದುವೆಯ ಮಾತಾಡುವುದು ಗಂಡಲ್ಲ, ಅರುವ. ಅರುವ ಅಂದರೆ ಮನೆತನದ ಪರವಾಗಿ ನಿಂತು ಮಾತು ಕೊಡುವ ಹಿರಿಯರು. ಕ್ಯಾಪ್ಟನ್ನರ ಅರುವ ಎಪ್ಪತ್ತು ದಾಟಿದವರು, ಮೊಣಕಾಲು ನೋವು. ಇಬ್ಬರೂ ಕರಿಯ ಕುಪ್ಪಸ ತೊಟ್ಟು, ಕೆಂಪು ಪಟ್ಟಿ ಕಟ್ಟಿ, ಸೊಂಟಕ್ಕೆ ಬೆಳ್ಳಿಯ ಪೀಚೆಕತ್ತಿ ಸಿಕ್ಕಿಸಿಕೊಂಡು ಸಿದ್ಧರಾದರು. ಹೊರಡುವ ಮೊದಲು ಕ್ಯಾಪ್ಟನ್ನರು ನನ್ನನ್ನು ಕರೆದು ಕೇಳಿದರು. “ಆ ಮನೆಯ ದಾರಿ ಹೇಗಿದೆ? ಏರಿದ್ದರೆ ಬಾಡಿಗೆ ಜೀಪು ಮಾಡೋಣ. ನಿನಗೆ ಗೊತ್ತಾ?”

ಬಾಳೆಲೆಗೆ ನಾನು ಒಂದೆರಡು ಸಲ ಹೋಗಿದ್ದೆ, ಸುತ್ತ ಗದ್ದೆ ನೋಡಿದ್ದೆ. ಆ ಮನೆಯನ್ನು ಮಾತ್ರ ಕನಸಲ್ಲೂ ಕಂಡಿರಲಿಲ್ಲ. “ಗೊತ್ತು ಸಾರ್. ಸಪಾಟು,” ಅಂದೆ.

ಯಾಕೆ ಹಾಗಂದೆ ಅಂತ ಇವತ್ತಿಗೂ ನನಗೆ ಸಿಟ್ಟು ಬರುತ್ತದೆ.

ಏನಾದರೂ ಆದೀತು ಅಂತ ನನ್ನನ್ನೂ ಕರೆದುಕೊಂಡರು. ಸೀಟು ಎರಡೇ. ನಾನು ಹಿಂದೆ, ಸ್ಟೆಪ್ನಿಯ ಮೇಲೆ, ಹಿಂದಕ್ಕೆ ಮುಖ ಮಾಡಿ, ಚಕ್ರಕ್ಕೆ ಅಡ್ಡ ಕೊಡುವ ಮರದ ತುಂಡನ್ನು, ಶೆಡ್ಡಿನ ಮಾತಿನಲ್ಲಿ ‘ಕಟ್ಟೆ’ಯನ್ನು, ಮಡಿಲಲ್ಲಿಟ್ಟುಕೊಂಡು ಕೂತೆ. ಬಾಳೆಲೆಯವರೆಗೆ ಗದ್ದೆ ಬಯಲು, ಕಾರು ಹೂವಿನ ಹಾಗೆ ಓಡಿತು. ಆಮೇಲೆ ಮನೆ ಕಂಡಿತು. ಗುಡ್ಡದ ನೆತ್ತಿಯ ಮೇಲೆ.

ಕ್ಯಾಪ್ಟನ್ನರು ತಿರುಗಿ ನನ್ನನ್ನು ನೋಡಿದರು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಮೇಲೆ ಜಗಲಿಯಲ್ಲಿ ಜನ ಆಗಲೇ ಎದ್ದು ನಿಂತು ನೋಡುತ್ತಿದ್ದರು. ನಡೆದು ಹೋಗೋಣ ಅಂದರೆ ಅರುವರ ಮೊಣಕಾಲು. ಬೇರೆ ದಾರಿಯಿಲ್ಲದೆ ಕಾರು ತಿರುಗಿಸಿ ರಿವರ್ಸಿಗೆ ಹಾಕಿದರು.

ಹಾಗಾಗಿ ಹೆಣ್ಣು ಕೇಳಲು ಬಂದ ಗಂಡೂ ಅವರ ಅರುವರೂ ಆ ಮನೆಯವರಿಗೆ ಬೆನ್ನು ತೋರಿಸಿಕೊಂಡು ಬಂದರು. ಕ್ಯಾಪ್ಟನ್ನರು ಕತ್ತು ತಿರುಗಿಸಿದರೂ ನನ್ನ ಹಿಂದೆ ಮರೆಯಾಗಿದ್ದರು, ಮನೆಯವರಿಗೆ ಕಂಡದ್ದು ಒಂದೇ ಮುಖ, ನನ್ನದು. ಎಲ್ಲರಿಗಿಂತ ಮೊದಲು ಅಂಗಳಕ್ಕೆ ಬಂದವನೂ ನಾನೇ.

ಮನೆಯ ಅಜ್ಜಿಗೆ ಕಣ್ಣು ಮಂಜು. ಮೂತಿ ಇರುವ ಕಿಂಡಿ ಚೆಂಬಿನಲ್ಲಿ ನೀರು ಹಿಡಿದು ನಿಂತಿದ್ದವರು ನೇರ ನನ್ನ ಹತ್ತಿರ ಬಂದು ನನ್ನ ಕಾಲಿಗೆ ನೀರು ಹೊಯ್ದರು. ನಾನು ಬೇಡ ಅನ್ನಬೇಕಿತ್ತು, ಇನ್ನೊಂದು ಕಾಲನ್ನೂ ಚಾಚಿದೆ. ಅಜ್ಜಿ ನನ್ನ ಗ್ರೀಸಿನ ಅಂಗಿಯನ್ನೂ ಮಡಿಲಲ್ಲಿದ್ದ ಮರದ ಕಟ್ಟೆಯನ್ನೂ ಮುಟ್ಟಿ ನೋಡಿ, “ಇವನಾ ಗಂಡು?” ಅಂತ ಮೆಲ್ಲಗೆ ಕೇಳಿದರು.

“ಅಲ್ಲ ಅಜ್ಜಿ, ಗಂಡು ಆಚೆ ಮುಖ ಮಾಡಿ ಕೂತಿದ್ದಾನೆ,” ಅಂದರು ಯಾರೋ.

“ಯಾಕೆ? ಈಗಲೇ ಸಿಟ್ಟಾ?”

ಸುಬೇದಾರರು ಮೆಟ್ಟಿಲಿಳಿದು ಬಂದರು. ಬಿಳಿ ಮೀಸೆ, ನೆಟ್ಟಗಿನ ಬೆನ್ನು. “ನಮ್ಮ ಮನೆಗೆ ಇದುವರೆಗೆ ಯಾರೂ ಬೆನ್ನು ಹಾಕಿ ಬಂದದ್ದಿಲ್ಲ,” ಅಂದರು.

ಕ್ಯಾಪ್ಟನ್ನರು ನನ್ನ ಹೆಸರು ಹೇಳಿದ್ದರೆ ಮುಗಿದುಹೋಗುತ್ತಿತ್ತು. ಹೇಳಲಿ ಅಂತ ನಾನೇ ಕಾಯುತ್ತಿದ್ದೆ. ಅವರು ಕಾರಿನಿಂದ ಇಳಿದು, ಕಾಲಿಗೆ ಬಿದ್ದು ಎದ್ದು, ಮೆಲ್ಲಗೆ ಹೇಳಿದರು. “ಸೈನ್ಯದ ಅಭ್ಯಾಸ. ಗಾಡಿಯನ್ನು ಯಾವಾಗಲೂ ಹೊರಡುವ ದಿಕ್ಕಿಗೆ ಮುಖ ಮಾಡಿ ನಿಲ್ಲಿಸಬೇಕು.”

“ನಾನೂ ಸೈನ್ಯದಲ್ಲೇ ಇದ್ದೆ,” ಅಂದರು ಸುಬೇದಾರರು. “ಶತ್ರುವಿನ ಊರಲ್ಲಿ ಹಾಗೆ ನಿಲ್ಲಿಸ್ತಾರೆ. ಬರುವಾಗಲೇ ಹೊರಡೋದಕ್ಕೆ ತಯಾರಾದವನಿಗೆ ಹೆಣ್ಣು ಯಾಕೆ ಕೊಡಬೇಕು?”

ಅರುವರು ಮೊಣಕಾಲು ನೀವಿಕೊಂಡರು. ಬಾಗಿಲಲ್ಲಿ ನಿಂತಿದ್ದ ಟೀಚರಮ್ಮನ ಮುಖ ಬಿಳುಚಿಕೊಂಡಿತು. ಕ್ಯಾಪ್ಟನ್ನರು ತಲೆ ತಗ್ಗಿಸಿದರು. ಮೂರು ತಿಂಗಳು ಮೈಸೂರಿಗೆ ಹೋಗಿ ಬಂದದ್ದು, ಬಿಟ್ಟ ಚುರುಟು, ಕಲಿತ ಹಾಡು, ಎಲ್ಲ ನನ್ನ ಒಂದು ಮಾತಿನಿಂದ ನೀರುಪಾಲಾಗುತ್ತಿತ್ತು. ನಾನು ಸ್ಟೆಪ್ನಿಯಿಂದ ಇಳಿದೆ. ಕಟ್ಟೆ ಕೆಳಗಿಡಲೂ ನೆನಪಾಗಲಿಲ್ಲ, ಎದೆಗೆ ಒತ್ತಿಕೊಂಡೇ ಹೇಳಿದೆ.

“ತಪ್ಪು ನನ್ನದು ಸಾರ್. ಕಾರಿನ ಗೇರು ಹಾಳು ಮಾಡಿದವನು ನಾನು. ಮುಂದಕ್ಕೆ ಬಿಟ್ಟರೆ ಏರು ಹತ್ತಲ್ಲ, ಅದಕ್ಕೆ ಹಿಂದಕ್ಕೆ ಬಂದರು. ಈ ಮನೆಯ ದಾರಿ ಗೊತ್ತಾ ಅಂತ ಕೇಳಿದರು, ಗೊತ್ತು ಅಂದೆ. ನನಗೆ ಗೊತ್ತಿರಲಿಲ್ಲ. ಓವರ್‌ಡ್ರೈವ್ ಗೊತ್ತಿರಲಿಲ್ಲ, ಆಕ್ಸಲ್ ಗೊತ್ತಿರಲಿಲ್ಲ, ಮೀಟರು ಗೊತ್ತಿರಲಿಲ್ಲ. ಯಾವುದೂ ಗೊತ್ತಿರಲಿಲ್ಲ.”

ಸುಬೇದಾರರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ಎಷ್ಟು ವರ್ಷದಿಂದ ಈ ಕೆಲಸ ಮಾಡ್ತಿದ್ದೀಯ?”

“ಒಂಬತ್ತು ವರ್ಷ ಸಾರ್.”

“ಗೊತ್ತಿಲ್ಲ ಅಂದದ್ದು?”

“ಇವತ್ತೇ ಮೊದಲು ಸಾರ್.”

ಸುಬೇದಾರರ ಮೀಸೆ ಅಲ್ಲಾಡಿತು. ಕ್ಯಾಪ್ಟನ್ನರ ಕಡೆ ತಿರುಗಿ, “ಇವನ ತಪ್ಪನ್ನು ನೀವು ಯಾಕೆ ತಲೆ ಮೇಲೆ ಹಾಕಿಕೊಂಡಿರಿ?” ಅಂದರು.

“ಇವನಿಂದಲೇ ನನಗೆ ಅವಳ ಮಾತು ಕೇಳಿಸಿದ್ದು,” ಅಂದರು ಕ್ಯಾಪ್ಟನ್ನರು.

ಸುಬೇದಾರರು ಮಗಳನ್ನು ನೋಡಿದರು, ಅವಳು ನೆಲ ನೋಡಿದಳು. ಆಮೇಲೆ ಅವರು ಅರುವರ ಕೈ ಹಿಡಿದು ಮೆಟ್ಟಿಲು ಹತ್ತಿಸಿದರು. “ಒಳಗೆ ಬನ್ನಿ, ಮಾತಾಡುವ. ಇಂಥ ಮೆಕ್ಯಾನಿಕ್ಕನ್ನು ಸಹಿಸಿಕೊಂಡವನು ನನ್ನ ಮಗಳ ಅಡುಗೆಯನ್ನೂ ಸಹಿಸಿಕೊಳ್ತಾನೆ.”

೭. ಹಿರಿಯರ ಕಾಲದ ಪದ್ಧತಿ

ಮದುವೆಯಾಯಿತು. ಹಳೆಯ ಜೋಡಿ ಅಷ್ಟರಲ್ಲೂ ಸಿಗಲಿಲ್ಲ. ಆದ್ದರಿಂದ ಮದುಮಗಳು ಕ್ಯಾಪ್ಟನ್ನರ ಪಕ್ಕದಲ್ಲಿ ಕೂತು ಬಂಗಲೆಯ ಏರನ್ನು ಹತ್ತಿದ್ದೂ ರಿವರ್ಸಿನಲ್ಲೇ. ನಾನು ಚಕ್ರದ ಪಕ್ಕದಲ್ಲಿ ಕಟ್ಟೆ ಹಿಡಿದು ಓಡುತ್ತಿದ್ದೆ. ನೆಂಟರು ನಗುತ್ತಾರೆ ಅಂತ ನನ್ನ ಪ್ರಾಣ ಹೋಗುತ್ತಿತ್ತು.

ಯಾರೂ ನಗಲಿಲ್ಲ. ಏರಿನ ಬುಡದಲ್ಲಿ ಮದುಮಗಳ ತವರಿನವರು ನಿಂತಿದ್ದರು. ಕಾರು ಹಿಂದಕ್ಕೆ ಹತ್ತುತ್ತಾ ಹೋದ ಹಾಗೆ ಅವಳ ಮುಖ ಅವರ ಕಡೆಗೇ ಇತ್ತು, ಮೇಲೆ ಬಂಗಲೆ ಮುಟ್ಟುವವರೆಗೂ. ಹೆಂಗಸರೆಲ್ಲ ಸೆರಗಿನಲ್ಲಿ ಕಣ್ಣೊರಸಿಕೊಂಡರು. “ಎಷ್ಟು ಚೆಂದದ ಪದ್ಧತಿ. ಕೊನೆಯವರೆಗೂ ತವರಿನ ಮುಖ ನೋಡ್ತಾ ಗಂಡನ ಮನೆ ಸೇರೋದು,” ಅಂದರಂತೆ ಒಬ್ಬರು.

ಮುಂದಿನ ಮದುವೆಯ ಕಾಲದಲ್ಲಿ ಒಬ್ಬರು ಪ್ಲಾಂಟರು ಮಗನ ಮದುವೆಗೆ ಹೊಸ ಜೀಪನ್ನು ರಿವರ್ಸಿನಲ್ಲಿ ತರಿಸಿದರು. ಮುಂದಕ್ಕೆ ಎಂಥ ಗುಡ್ಡವನ್ನಾದರೂ ಹತ್ತುವ ಜೀಪು. ಆಮೇಲೆ ಇನ್ನೊಬ್ಬರು. ಆಮೇಲೆ ಗದ್ದೆಯ ಬಯಲಿನಲ್ಲಿ ಮನೆ ಇದ್ದವರು, ಏರೇ ಇಲ್ಲದ ಕಡೆ. ಒಂದು ಮದುವೆಯಲ್ಲಂತೂ ದಿಬ್ಬಣದ ಬಸ್ಸೇ ಹಿಂದಕ್ಕೆ ಬಂದು ಚಪ್ಪರದ ಎರಡು ಕಂಬ ಬೀಳಿಸಿತು. ರಿಪೇರಿಗೆ ಬಸ್ಸು ನನ್ನ ಶೆಡ್ಡಿಗೇ ಬಂತು. ನಾನು ಕಾರಣ ಕೇಳಲಿಲ್ಲ.

ನಾಲ್ಕು ವರ್ಷ ಕಳೆದು ನನ್ನ ಮದುವೆ ನಿಶ್ಚಯವಾಯಿತು. ಅಷ್ಟು ಹೊತ್ತಿಗೆ ಆ ಪದ್ಧತಿ ಬೆಟ್ಟ ದಾಟಿ ಭಾಗಮಂಡಲದ ಕಡೆಗೂ ಬಂದಿತ್ತು. ಮದುಮಗಳನ್ನು ಕರೆದುಕೊಂಡು ಊರಿಗೆ ಬಂದೆವು. ನಮ್ಮ ಮನೆಯ ತಿರುವಿನಲ್ಲಿ ಜೀಪಿನ ಡ್ರೈವರಿಗೆ ನಾನೇ ಹೇಳಿದೆ, “ನೇರ ಹೋಗು ಮಾರಾಯ, ಮುಂದಕ್ಕೇ ಹೋಗು.”

ಸೋದರಮಾವ ಎರಡೂ ಕೈ ಚಾಚಿ ಜೀಪಿಗೆ ಅಡ್ಡ ನಿಂತರು. “ಮದುಮಗಳನ್ನು ಹಾಗೆ ತರುವ ಕ್ರಮ ಇದೆಯಾ? ತಿರುಗಿಸು, ತಿರುಗಿಸು.”

“ಮಾವ, ಅದು ನಮ್ಮ ಪದ್ಧತಿ ಅಲ್ಲ. ಅದು...”

“ಅಜ್ಜನ ಕಾಲದಿಂದ ನಡೆದು ಬಂದದ್ದು. ಸ್ಪ್ಯಾನರ್ ಹಿಡಿಯುವವ ನೀನು, ನಿಂಗೆ ಎಂತ ಗೊತ್ತುಟ್ಟು?”

ಅಜ್ಜನ ಕಾಲದಲ್ಲಿ ನಮ್ಮೂರಿಗೆ ಜೀಪಲ್ಲ, ಜೀಪು ಬರುವ ರಸ್ತೆಯೇ ಇರಲಿಲ್ಲ. ಮದುವೆಗೆ ಬಂದಿದ್ದ ಕ್ಯಾಪ್ಟನ್ನರೂ ಟೀಚರಮ್ಮನೂ ದಾರಿಯ ಪಕ್ಕದಲ್ಲೇ ನಿಂತಿದ್ದರು. ಕ್ಯಾಪ್ಟನ್ನರು ಆಕಾಶ ನೋಡುತ್ತಿದ್ದರು. ಟೀಚರಮ್ಮ ಬಾಯಿಗೆ ಸೆರಗು ಒತ್ತಿಕೊಂಡಿದ್ದರು, ಭುಜ ಕುಲುಕುತ್ತಿತ್ತು.

ಜೀಪು ತಿರುಗಿತು. ರಿವರ್ಸಿನಲ್ಲಿ ನಮ್ಮ ಮನೆಯ ಕಡೆ ಹೊರಟಿತು. ಬೆಳಿಗ್ಗೆಯಿಂದ ಒಂದು ಮಾತೂ ಆಡದಿದ್ದ ನನ್ನ ಹೆಂಡತಿ ಮೊದಲ ಸಲ ಬಾಯಿ ಬಿಟ್ಟಳು.

“ಮದುಮಗಳನ್ನು ಹೀಗೆ ಹಿಂದಕ್ಕೆ ಯಾಕೆ ಕರ್ಕೊಂಡು ಹೋಗ್ತಾರೆ?”

ಇಡೀ ಕೊಡಗಿನಲ್ಲಿ ಆ ಪ್ರಶ್ನೆಗೆ ಸರಿಯಾದ ಉತ್ತರ ಗೊತ್ತಿದ್ದವರು ಬೆರಳೆಣಿಕೆಯಷ್ಟು ಜನ. ಅವರಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವನು ನಾನು.

“ಗೊತ್ತಿಲ್ಲ,” ಅಂದೆ.

ಅವಳು ನನ್ನನ್ನು ಒಂದು ಸಲ ನೋಡಿ ತವರಿನ ದಾರಿಯ ಕಡೆ ಮುಖ ತಿರುಗಿಸಿದಳು. “ಹುಡುಗನಿಗೆ ಗೊತ್ತಿಲ್ಲದ್ದು ಯಾವುದೂ ಇಲ್ಲ ಅಂತ ಹೇಳಿ ಒಪ್ಪಿಸಿದ್ರು ನನ್ನ.”